ನಾಳೆ ರಜೆಯಂತೆ, ನೀರು ಬಿಟ್ಟರಂತೆ: ಫಾರ್ವರ್ಡ್ ದಾಟುವಾಗ ಮೂಲ ಎಲ್ಲಿ ಕಳೆದುಹೋಗುತ್ತದೆ?

ಮಳೆಗಾಲ ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಮೂರು ಬಗೆಯ ಸಂದೇಶಗಳು ಖಾಯಂ. ಒಂದು, ನಾಳೆ ಶಾಲೆಗೆ ರಜೆ. ಎರಡು, ಡ್ಯಾಮಿನಿಂದ ನೀರು ಬಿಟ್ಟಿದ್ದಾರೆ, ನದಿ ಬದಿಯವರು ಎಚ್ಚರ. ಮೂರು, ಘಾಟಿಯಲ್ಲಿ ಗುಡ್ಡ ಕುಸಿದಿದೆ, ಆ ಕಡೆ ಹೋಗಬೇಡಿ. ಇವುಗಳಲ್ಲಿ ಕೆಲವು ನಿಜ. ಕೆಲವು ಹೋದ ವರ್ಷದ್ದು. ಕೆಲವು ಬೇರೆ ಜಿಲ್ಲೆಯದ್ದು. ಇನ್ನು ಕೆಲವು ಯಾರೋ ದಿನಾಂಕ ತಿದ್ದಿ ಬಿಟ್ಟದ್ದು. ಗ್ರೂಪಿನಲ್ಲಿ ನೋಡುವಾಗ ನಾಲ್ಕೂ ಒಂದೇ ಥರ ಕಾಣುತ್ತವೆ.

ಸುಳ್ಳು ಸುದ್ದಿ ಎಂದಾಗ ನಾವು ಸಾಮಾನ್ಯವಾಗಿ ಕೇಳುವುದು ‘ಇದು ನಿಜವೋ ಸುಳ್ಳೋ’ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ‘ಇದು ಎಲ್ಲಿಂದ ಹೊರಟದ್ದು’ ಎಂಬುದು. ಕುತೂಹಲದ ಸಂಗತಿ ಎಂದರೆ ಇಂಟರ್ನೆಟ್ ಕಟ್ಟಿದ ಎಂಜಿನಿಯರುಗಳಿಗೂ ಇದೇ ಪ್ರಶ್ನೆ ಎದುರಾಗಿತ್ತು. ಅವರು ಅದಕ್ಕೊಂದು ವ್ಯವಸ್ಥೆ ಮಾಡಿದರು, ಅದು ಪೆಟ್ಟು ತಿಂದಿತು, ಕೊನೆಗೆ ದಾರಿಯನ್ನೇ ಬದಲಿಸಿದರು. ಆ ಕಥೆ ನಮ್ಮ ಗ್ರೂಪುಗಳಿಗೂ ಉಪಯೋಗಕ್ಕೆ ಬರುವಂಥದ್ದು.

‘ಅಂತೆ’ ಎಲ್ಲಿ ಹೋಯಿತು?

ಕನ್ನಡದಲ್ಲಿ ಮೂಲ ತಿಳಿಸುವ ಒಂದು ಪುಟ್ಟ ಸಾಧನವಿದೆ: ‘ಅಂತೆ’. ‘ನಾಳೆ ರಜೆ’ ಎಂದರೆ ನನಗೆ ಗೊತ್ತು ಎಂದರ್ಥ. ‘ನಾಳೆ ರಜೆಯಂತೆ’ ಎಂದರೆ ಯಾರೋ ಹೇಳಿದ್ದು ಎಂದರ್ಥ. ಎದುರಿಗಿದ್ದವರು ಕೂಡಲೇ ‘ಯಾರು ಹೇಳಿದ್ದು?’ ಎಂದು ಕೇಳುತ್ತಾರೆ. ತುಳುವಿನಲ್ಲಿ ಇದೇ ಕೆಲಸವನ್ನು ‘ಗೆ’ ಮಾಡುತ್ತದೆ.

ಫಾರ್ವರ್ಡ್ ಮಾಡುವಾಗ ಈ ‘ಅಂತೆ’ ಉದುರಿಹೋಗುತ್ತದೆ. ಬೆಳ್ತಂಗಡಿಯ ಒಂದು ಗ್ರೂಪಿನಲ್ಲಿ ಯಾರೋ ‘ನಮ್ಮ ಮನೆಯ ಹತ್ತಿರ ಹೊಳೆ ಏರಿದೆ’ ಎಂದು ಬರೆದರೆ ಅದಕ್ಕೆ ಹೆಸರಿದೆ, ಸಮಯವಿದೆ, ಜಾಗವಿದೆ. ಅದು ಮೂಡುಬಿದಿರೆಯ ಗ್ರೂಪಿಗೆ ಫಾರ್ವರ್ಡ್ ಆದಾಗ ಬರೆದವರ ಹೆಸರು ಹೋಗಿ ಕಳಿಸಿದವರ ಹೆಸರು ಬರುತ್ತದೆ. ಬೆಳಿಗ್ಗೆ ಬರೆದದ್ದಕ್ಕೆ ಸಂಜೆಯ ಸಮಯ ಬೀಳುತ್ತದೆ. ‘ನಮ್ಮ ಮನೆ’ ಯಾರ ಮನೆ ಎಂದು ಗೊತ್ತಾಗುವುದಿಲ್ಲ. ಅಕ್ಷರ ಒಂದೂ ಬದಲಾಗದೆ ಅರ್ಥ ಪೂರ್ತಿ ಬದಲಾಗಿರುತ್ತದೆ.

ವಾಟ್ಸ್‌ಆ್ಯಪ್ 2018ರಲ್ಲಿ ‘ಫಾರ್ವರ್ಡ್ ಆದದ್ದು’ ಎಂಬ ಗುರುತು ತಂದಿತು. ಭಾರತದಲ್ಲಿ ಒಮ್ಮೆಗೆ ಐದು ಚಾಟ್‌ಗಳಿಗಷ್ಟೇ ಕಳಿಸುವ ಮಿತಿಯೂ ಅದೇ ವರ್ಷ ಬಂತು. ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿ ಬಂದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸಬಹುದು. ಜೋಡಿ ಬಾಣ ‘ಇದು ಬಹಳ ಕೈ ದಾಟಿದೆ’ ಎಂದಷ್ಟೇ ಹೇಳುತ್ತದೆ. ಮೊದಲ ಕೈ ಯಾರದ್ದು ಎಂದು ಹೇಳುವುದಿಲ್ಲ.

ಇದರ ಬೆಲೆ ಎಷ್ಟು ಎಂಬುದನ್ನು ಕರ್ನಾಟಕ ನೋಡಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬರನ್ನು ಗುಂಪು ಹೊಡೆದು ಕೊಂದಿತು. ಅವರ ಜೊತೆಗಿದ್ದವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟದ್ದೇ ಶಂಕೆಗೆ ಕಾರಣ. ‘ಮಕ್ಕಳ ಕಳ್ಳರು’ ಎಂಬ ಸಂದೇಶ, ಅವರು ಕಾರಿನಲ್ಲಿ ಮುಂದಿನ ಊರು ತಲುಪುವ ಮೊದಲೇ ಅಲ್ಲಿನ ಗ್ರೂಪಿಗೆ ತಲುಪಿತ್ತು. ಹಿಂದಿನ ಊರಿನಲ್ಲಿ ಅನುಮಾನವಾಗಿದ್ದದ್ದು ಮುಂದಿನ ಊರಿನಲ್ಲಿ ಖಚಿತ ಮಾಹಿತಿಯಾಗಿಬಿಟ್ಟಿತು.

ಇಂಟರ್ನೆಟ್ಟಿನ ‘ಇಂದಿನ ಆಟ’

ಈಗ ಎಂಜಿನಿಯರುಗಳ ಕಥೆಗೆ ಬರೋಣ. ಒಂದು ಕಡೆಯಿಂದ ಹೊರಟ ವಿಡಿಯೊ ಅಥವಾ ಮಾಹಿತಿ ಸಾವಿರ ಜನರಿಗೆ ತಲುಪಬೇಕು ಎಂದುಕೊಳ್ಳಿ. ಸಾವಿರ ಪ್ರತಿ ಮಾಡಿ ಸಾವಿರ ಸಲ ಕಳಿಸುವುದು ಒಂದು ದಾರಿ. ಒಂದೇ ಪ್ರತಿ ಕಳಿಸಿ, ದಾರಿ ಕವಲೊಡೆಯುವ ಕಡೆ ಮಾತ್ರ ಪ್ರತಿ ಮಾಡುವುದು ಇನ್ನೊಂದು ದಾರಿ. ಎರಡನೆಯದಕ್ಕೆ ಮಲ್ಟಿಕಾಸ್ಟ್ ಎಂದು ಹೆಸರು. ಇದಕ್ಕೆಂದೇ 224ರಿಂದ 239ರವರೆಗಿನ ಅಂಕಿಯಿಂದ ಆರಂಭವಾಗುವ ಐಪಿ ವಿಳಾಸಗಳನ್ನು ಮೀಸಲಿಟ್ಟಿದ್ದಾರೆ. ಆ ವಿಳಾಸ ಒಂದು ಯಂತ್ರದ್ದಲ್ಲ, ಒಂದು ಗುಂಪಿನದ್ದು. ಬೇಕಾದವರು ಗುಂಪಿಗೆ ಸೇರಿಕೊಂಡರೆ ಸಾಕು. ಇಂಟರ್ನೆಟ್ ಮೂಲಕ ಟಿವಿ ಕೊಡುವ ಕಂಪನಿಗಳ ಒಳಜಾಲದಲ್ಲಿ, ಷೇರು ವಿನಿಮಯ ಕೇಂದ್ರಗಳ ದರ ಪ್ರಸಾರದಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ. ನಾವು ಫೋನಿನಲ್ಲಿ ನೋಡುವ ಯೂಟ್ಯೂಬ್ ಲೈವ್ ಮಾತ್ರ ಹೀಗಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಹತ್ತಿರದ ಸರ್ವರ್‌ನಿಂದ ಪ್ರತ್ಯೇಕ ಪ್ರತಿ ಬರುತ್ತದೆ.

ಒಂದು ಸಂಸ್ಥೆಯ ಜಾಲದೊಳಗೆ ಮಲ್ಟಿಕಾಸ್ಟ್ ಸುಲಭ. ಕಳಿಸುವವರೂ ಕೇಳುವವರೂ ಪರಸ್ಪರ ಪತ್ತೆ ಹಚ್ಚಲು ಅಲ್ಲಿ ಒಂದು ರೌಟರನ್ನು ಗೊತ್ತು ಮಾಡಿರುತ್ತಾರೆ. ಯಾರು ಕಳಿಸುತ್ತಿದ್ದಾರೆ ಎಂಬುದು ಆ ರೌಟರಿಗೆ ಗೊತ್ತು. ಕೇಳುವವರು ಅದನ್ನು ವಿಚಾರಿಸುತ್ತಾರೆ. ಕಷ್ಟ ಶುರುವಾಗುವುದು ಜಾಲ ಬೇರೆಯಾದಾಗ. ಒಂದು ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಪ್ರಸಾರವಾಗುತ್ತಿದೆ. ಇನ್ನೊಂದು ದೇಶದ ವಿಶ್ವವಿದ್ಯಾಲಯದವರು ಅದೇ ಗುಂಪಿಗೆ ಸೇರಿದ್ದಾರೆ. ಅವರ ರೌಟರಿಗೆ ಈ ಕಡೆಯ ಮೂಲದ ಬಗ್ಗೆ ಗೊತ್ತಾಗುವುದು ಹೇಗೆ?

ಕರಾವಳಿಯವರಿಗೆ ಇದು ಹೊಸ ಸಮಸ್ಯೆಯಲ್ಲ. ಯಕ್ಷಗಾನ ಮೇಳ ಇಂದು ಒಂದು ಊರು, ನಾಳೆ ಇನ್ನೊಂದು ಊರು. ಧರ್ಮಸ್ಥಳ ಮೇಳದ ಆಟ ಇವತ್ತು ಎಲ್ಲಿ ಎಂದು ಬಂಟ್ವಾಳದವರಿಗೆ ತಿಳಿಯಬೇಕಾದರೆ ಪತ್ರಿಕೆಯ ‘ಇಂದಿನ ಯಕ್ಷಗಾನ’ ಪಟ್ಟಿ ನೋಡುತ್ತಾರೆ. ಪಟ್ಟಿಯಲ್ಲಿ ಆಟ ಇರುವುದಿಲ್ಲ, ಆಟ ಎಲ್ಲಿದೆ ಎಂಬ ಮಾಹಿತಿ ಮಾತ್ರ ಇರುತ್ತದೆ. ಅದನ್ನು ಓದಿ ಜನ ನೇರವಾಗಿ ಆಟ ನಡೆಯುವಲ್ಲಿಗೇ ಹೋಗುತ್ತಾರೆ.

ಎಂಜಿನಿಯರುಗಳು ಮಾಡಿದ್ದೂ ಇದನ್ನೇ. ಪ್ರತಿ ಜಾಲದ ಗೊತ್ತುಪಡಿಸಿದ ರೌಟರು ಪಕ್ಕದ ಜಾಲದ ರೌಟರಿಗೆ ‘ಇಂಥ ಗುಂಪಿಗೆ, ಇಂಥ ವಿಳಾಸದಿಂದ, ಈಗ ಪ್ರಸಾರ ನಡೆಯುತ್ತಿದೆ’ ಎಂದು ತಿಳಿಸುತ್ತದೆ. ಅದು ಮುಂದಿನದಕ್ಕೆ ತಿಳಿಸುತ್ತದೆ. ಇದರ ಹೆಸರು ಮಲ್ಟಿಕಾಸ್ಟ್ ಸೋರ್ಸ್ ಡಿಸ್ಕವರಿ ಪ್ರೋಟೊಕಾಲ್, ಚಿಕ್ಕದಾಗಿ ಎಂಎಸ್‌ಡಿಪಿ. ಮಲ್ಟಿಕಾಸ್ಟ್ ಮೂಲ ಪತ್ತೆಯ ನಿಯಮ ಎನ್ನಬಹುದು. 2003ರ ಅಕ್ಟೋಬರ್‌ನಲ್ಲಿ ಇದು ಆರ್‌ಎಫ್‌ಸಿ 3618 ಎಂಬ ದಾಖಲೆಯಾಗಿ ಪ್ರಕಟವಾಯಿತು. ಅದಕ್ಕೂ ಮೊದಲೇ ಬಳಕೆಯಲ್ಲಿತ್ತು.

ಈ ನಿಯಮದಲ್ಲಿ ನಮ್ಮ ಗ್ರೂಪುಗಳಲ್ಲಿಲ್ಲದ ಮೂರು ಗುಣಗಳಿವೆ.

- ಮೂಲದ ವಿಳಾಸ ಅಳಿಯುವುದಿಲ್ಲ. ಪ್ರಕಟಣೆ ಎಷ್ಟೇ ಜಾಲ ದಾಟಿದರೂ ಪ್ರಸಾರ ಮಾಡುತ್ತಿರುವವರ ವಿಳಾಸ ಮತ್ತು ಅದನ್ನು ಮೊದಲು ಪ್ರಕಟಿಸಿದ ರೌಟರಿನ ವಿಳಾಸ ಹಾಗೆಯೇ ಇರುತ್ತವೆ. ನಡುವಿನ ರೌಟರು ತನ್ನ ಹೆಸರು ಹಾಕಿಕೊಳ್ಳುವುದಿಲ್ಲ.
- ಬಂದ ದಿಕ್ಕನ್ನು ನೋಡುತ್ತಾರೆ. ಮೊದಲು ಪ್ರಕಟಿಸಿದ ರೌಟರಿನ ಕಡೆಗೆ ಹೋಗುವ ದಾರಿಯಲ್ಲಿರುವ ನೆರೆಯವರಿಂದ ಬಂದರೆ ಮಾತ್ರ ಒಪ್ಪುತ್ತಾರೆ. ಸುತ್ತಿ ಬಳಸಿ ಬೇರೆ ಕಡೆಯಿಂದ ಬಂದದ್ದನ್ನು ಬಿಸಾಡುತ್ತಾರೆ. ಇಲ್ಲದಿದ್ದರೆ ಒಂದೇ ಸುದ್ದಿ ಸುತ್ತುತ್ತಲೇ ಇರುತ್ತದೆ.
- ಹಳೆಯದು ತಾನಾಗಿ ಅಳಿಯುತ್ತದೆ. ಪ್ರಸಾರ ನಡೆಯುತ್ತಿರುವವರೆಗೆ 60 ಸೆಕೆಂಡಿಗೊಮ್ಮೆ ಪ್ರಕಟಣೆ ಮರುಕಳಿಸಬೇಕು. ನಿಗದಿತ ಅವಧಿಯಲ್ಲಿ ಮತ್ತೆ ಕೇಳಿಸದಿದ್ದರೆ ಪಟ್ಟಿಯಿಂದ ತೆಗೆಯುತ್ತಾರೆ. ಪತ್ತನಾಜೆ ಕಳೆದು ಮೇಳ ಗೆಜ್ಜೆ ಬಿಚ್ಚಿದ ಮೇಲೆ ಹಳೆಯ ಪಟ್ಟಿ ಹಿಡಿದು ಯಾರೂ ಆಟಕ್ಕೆ ಹೊರಡುವುದಿಲ್ಲವಲ್ಲ, ಹಾಗೆ.

ಹೋದ ವರ್ಷದ ರಜೆ ಆದೇಶ ಈ ವರ್ಷ ಮತ್ತೆ ಓಡಾಡುವುದಕ್ಕೆ ಕಾರಣ ಈ ಮೂರನೆಯ ಗುಣದ ಕೊರತೆ. ವಾಟ್ಸ್‌ಆ್ಯಪ್ ಫೋಟೊಗೆ ಮುಕ್ತಾಯ ದಿನಾಂಕವಿಲ್ಲ.

ಹಾಗಾದರೆ ಮೂಲದ ವಿಳಾಸವಿದ್ದರೆ ಸಾಕೆ? ಸಾಲದು

2001ರ ಜನವರಿಯಲ್ಲಿ ರಾಮೆನ್ ಎಂಬ ಹುಳ, ಅಂದರೆ ತಾನಾಗಿ ಹರಡುವ ದುಷ್ಟ ತಂತ್ರಾಂಶ, ಲಿನಕ್ಸ್ ಕಂಪ್ಯೂಟರುಗಳಿಗೆ ಹರಡಿತು. ಹೊಸ ಬಲಿ ಹುಡುಕಲು ಅದು ಸಿಕ್ಕ ಸಿಕ್ಕ ವಿಳಾಸಗಳಿಗೆ ಸಂದೇಶ ಕಳಿಸುತ್ತಿತ್ತು. ಅವುಗಳಲ್ಲಿ ಮಲ್ಟಿಕಾಸ್ಟ್ ಗುಂಪಿನ ವಿಳಾಸಗಳೂ ಇದ್ದವು. ರೌಟರುಗಳಿಗೆ ಅದು ಹುಳ ಎಂದು ತಿಳಿಯುವುದು ಹೇಗೆ? ಪ್ರತಿಯೊಂದನ್ನೂ ‘ಹೊಸ ಪ್ರಸಾರ ಶುರುವಾಗಿದೆ’ ಎಂದು ಭಾವಿಸಿ ಪಕ್ಕದ ಜಾಲಕ್ಕೆ ಪ್ರಕಟಿಸಿದವು. ಇಲ್ಲದ ಪ್ರಸಾರಗಳ ಪ್ರಕಟಣೆಗಳು ಪ್ರವಾಹದಂತೆ ಹರಿದು ರೌಟರುಗಳು ತತ್ತರಿಸಿದವು. 2003ರ ಜನವರಿ 25ರಂದು ಸ್ಲ್ಯಾಮರ್ ಎಂಬ ಇನ್ನೊಂದು ಹುಳ ಬಂದಾಗಲೂ ಹೀಗೆಯೇ ಆಯಿತು.

ಇಲ್ಲಿ ಗಮನಿಸಿ. ಯಾವ ರೌಟರೂ ಸುಳ್ಳು ಹೇಳಲಿಲ್ಲ. ಪ್ರತಿಯೊಂದೂ ತನಗೆ ಬಂದದ್ದನ್ನು ಪ್ರಾಮಾಣಿಕವಾಗಿ ಮುಂದಕ್ಕೆ ಕಳಿಸಿತು. ‘ನಾನು ಬಂದದ್ದನ್ನು ಕಳಿಸಿದೆ ಅಷ್ಟೆ’ ಎಂಬ ಮಾತು ಗ್ರೂಪಿನಲ್ಲಿ ನೀವು ಕೇಳಿರಬಹುದು. ಎಲ್ಲರೂ ಅಷ್ಟನ್ನೇ ಮಾಡಿದರೂ ಪ್ರವಾಹ ಬರುತ್ತದೆ.

ಎಂಜಿನಿಯರುಗಳು ಸೋಸುವ ಪಟ್ಟಿಗಳನ್ನು ಹಾಕಿದರು, ಮಿತಿಗಳನ್ನು ಇಟ್ಟರು. ಐದು ಫಾರ್ವರ್ಡ್‌ಗಳ ಮಿತಿ ಇದ್ದ ಹಾಗೆ. ಆದರೆ ನಿಜವಾದ ದೋಷ ಬೇರೆ ಕಡೆ ಇತ್ತು. ಆ ಪದ್ಧತಿಯಲ್ಲಿ ಗುಂಪಿಗೆ ಸೇರಿದವರು ‘ಈ ಗುಂಪಿಗೆ ಯಾರು ಕಳಿಸಿದರೂ ನನಗೆ ಬೇಕು’ ಎನ್ನುತ್ತಿದ್ದರು. ಹೊಸ ಪದ್ಧತಿಯಲ್ಲಿ ಕೇಳುವವರು ಎರಡನ್ನು ಹೇಳಬೇಕು: ಯಾವ ಗುಂಪು, ಯಾವ ಮೂಲ. ‘ಕಟೀಲು ಮೇಳದ ಆಟ’ ಎಂದರೆ ಸಾಲದು, ಅಲ್ಲಿ ಹಲವು ಮೇಳಗಳಿವೆ. ‘ಕಟೀಲು ಮೂರನೇ ಮೇಳದ ಆಟ’ ಎನ್ನಬೇಕು. ಮೂಲವನ್ನು ಮೊದಲೇ ಹೆಸರಿಸಿದರೆ ಬೇರೆಯವರು ಕಳಿಸಿದ್ದು ನಿಮ್ಮ ತನಕ ಬರುವುದೇ ಇಲ್ಲ. ಮೂಲ ಹುಡುಕಿ ಜಾಲದಿಂದ ಜಾಲಕ್ಕೆ ಸಾರುವ ಅಗತ್ಯವೂ ಉಳಿಯುವುದಿಲ್ಲ. 2020ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 8815 ಎಂಬ ದಾಖಲೆ ಇದನ್ನೇ ಶಿಫಾರಸು ಮಾಡಿತು: ಜಾಲಗಳ ನಡುವೆ ‘ಯಾರಿಂದಲಾದರೂ’ ಪದ್ಧತಿ ಬೇಡ, ‘ಇಂಥವರಿಂದ’ ಪದ್ಧತಿ ಇರಲಿ.

ಸೋಸುವುದಕ್ಕಿಂತ ಮೂಲವನ್ನು ಆರಿಸಿಕೊಳ್ಳುವುದು ಮೇಲು. ಇಷ್ಟು ವರ್ಷಗಳ ಅನುಭವದ ಸಾರ ಇದು.

ನೇತ್ರಾವತಿಗೆ ಬಂದರೆ

ಈ ಪಾಠ ನಮ್ಮ ಮೂರು ಊರುಗಳಿಗೆ ಏಕೆ ಬೇಕು? ನೇತ್ರಾವತಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಹರಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬಂಟ್ವಾಳಕ್ಕೆ ಬರುತ್ತದೆ. ಬಂಟ್ವಾಳ ಪೇಟೆಯಲ್ಲಿ ಮಳೆಯೇ ಇಲ್ಲದಿದ್ದರೂ ಘಟ್ಟದ ಬುಡದಲ್ಲಿ ಸುರಿದರೆ ಇಲ್ಲಿ ನೀರು ಏರುತ್ತದೆ. 2019ರ ಆಗಸ್ಟ್‌ನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಘಟ್ಟದ ತಪ್ಪಲಿನ ಊರುಗಳು ನೆರೆಗೆ ಸಿಕ್ಕಾಗ ಬಂಟ್ವಾಳದ ತಗ್ಗು ಪ್ರದೇಶಗಳೂ ಮುಳುಗಿದವು. ಅಂದರೆ ಬಂಟ್ವಾಳದವರಿಗೆ ಬೆಳ್ತಂಗಡಿಯ ಮಾಹಿತಿ ಜೀವದ ವಿಷಯ. ಮೂಡುಬಿದಿರೆ ಅದೇ ಜಿಲ್ಲೆಯಲ್ಲಿದ್ದರೂ ನೇತ್ರಾವತಿಯ ದಡದಲ್ಲಿಲ್ಲ. ‘ನದಿ ಬದಿಯವರು ಕೂಡಲೇ ಖಾಲಿ ಮಾಡಿ’ ಎಂಬ ನೇತ್ರಾವತಿಯ ಎಚ್ಚರಿಕೆ ಊರಿನ ಹೆಸರಿಲ್ಲದೆ ಅಲ್ಲಿಗೆ ತಲುಪಿದರೆ ಸುಮ್ಮನೆ ಗಾಬರಿ. ಅಂಥ ಗಾಬರಿ ನಾಲ್ಕು ಸಲ ಆದ ಮೇಲೆ ಐದನೆಯದನ್ನು ಯಾರೂ ನಂಬುವುದಿಲ್ಲ. ಆ ಐದನೆಯದು ನಿಜವಾದದ್ದು ಆಗಿರಬಹುದು.

ಸರ್ಕಾರದ ಎಚ್ಚರಿಕೆ ವ್ಯವಸ್ಥೆಯ ಎದುರಿಗೂ ಇದೇ ಸವಾಲಿತ್ತು. ಹವಾಮಾನ ಇಲಾಖೆ, ಕೇಂದ್ರ ಜಲ ಆಯೋಗ, ರಾಜ್ಯದ ವಿಪತ್ತು ನಿರ್ವಹಣಾ ಪ್ರಾಧಿಕಾರ ಬೇರೆ ಬೇರೆ. ಜಿಯೊ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಜಾಲಗಳೂ ಬೇರೆ ಬೇರೆ. ಒಬ್ಬರ ಎಚ್ಚರಿಕೆ ಎಲ್ಲ ಜಾಲಗಳಿಗೂ ಮೂಲ ಕಳೆದುಕೊಳ್ಳದೆ ದಾಟಬೇಕು. ಅದಕ್ಕೆ ಬಳಸುವುದು ಕಾಮನ್ ಅಲರ್ಟಿಂಗ್ ಪ್ರೋಟೊಕಾಲ್ ಎಂಬ ಅಂತಾರಾಷ್ಟ್ರೀಯ ನಮೂನೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ವ್ಯವಸ್ಥೆ ಇದರ ಮೇಲೆ ನಿಂತಿದೆ. ಆ ನಮೂನೆಯಲ್ಲಿ ತುಂಬುವ ವಿವರಗಳನ್ನು ನೋಡಿ: ಕಳಿಸಿದವರು ಯಾರು, ಯಾವ ಸಮಯ, ನಿಜವಾದ ಎಚ್ಚರಿಕೆಯೋ ಪರೀಕ್ಷೆಯೋ, ಹೊಸದೋ ತಿದ್ದುಪಡಿಯೋ ರದ್ದತಿಯೋ, ಯಾವ ಪ್ರದೇಶಕ್ಕೆ, ಯಾವಾಗ ಮುಗಿಯುತ್ತದೆ. ಎಂಎಸ್‌ಡಿಪಿಯ ಹಾಗೆಯೇ ಇಲ್ಲೂ ಮೂಲ ಜೊತೆಗೇ ಸಾಗುತ್ತದೆ, ಅವಧಿಯೂ ಇರುತ್ತದೆ.

ಮೂರು ತಪ್ಪು ತಿಳಿವಳಿಕೆಗಳು

*‘ಫೋನ್ ಜೋರಾಗಿ ಕೂಗಿ ಸಂದೇಶ ಬಂತು, ಹ್ಯಾಕ್ ಆಗಿದೆ.’* ತಪ್ಪು. 2023ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಫೋನುಗಳಲ್ಲಿ ಇಂಥ ಪರೀಕ್ಷಾ ಸಂದೇಶ ಮೊಳಗಿತ್ತು. ಇದು ಸೆಲ್ ಬ್ರಾಡ್‌ಕಾಸ್ಟ್. ಟವರ್ ಒಂದೇ ಸಲ ಸಾರುತ್ತದೆ, ಅದರ ವ್ಯಾಪ್ತಿಯ ಫೋನುಗಳು ಕೇಳಿಸಿಕೊಳ್ಳುತ್ತವೆ, ಆಕಾಶವಾಣಿ ಇದ್ದ ಹಾಗೆ. ಅದಕ್ಕೆ ನಿಮ್ಮ ನಂಬರ್ ಬೇಡ, ಡೇಟಾ ಬೇಡ. ನಿಮ್ಮ ಫೋನಿನಿಂದ ಏನೂ ಹೊರಗೆ ಹೋಗುವುದಿಲ್ಲ. ಎಲ್ಲರೂ ಒಟ್ಟಿಗೆ ಕರೆ ಮಾಡಿ ಜಾಲ ಕಟ್ಟಿಕೊಂಡಿದ್ದರೂ ಇದು ತಲುಪಬಲ್ಲದು. ಆದರೆ ಕರೆಂಟ್ ಹೋಗಿ ಟವರೇ ಆರಿದ್ದರೆ, ಸಿಗ್ನಲ್ ಇಲ್ಲದ ಘಟ್ಟದ ಬದಿಯಲ್ಲಿ ನೀವಿದ್ದರೆ ಬರುವುದಿಲ್ಲ.

*‘ರೆಡ್ ಅಲರ್ಟ್ ಇದೆ, ಆದ್ದರಿಂದ ನಾಳೆ ರಜೆ.’* ಎರಡೂ ಬೇರೆ. ಬಣ್ಣದ ಎಚ್ಚರಿಕೆ ಕೊಡುವುದು ಹವಾಮಾನ ಇಲಾಖೆ. ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. 24 ಗಂಟೆಯಲ್ಲಿ 204.4 ಮಿಲಿಮೀಟರ್ ದಾಟುವ ಮಳೆಯನ್ನು ಇಲಾಖೆ ‘ಅತ್ಯಂತ ಭಾರೀ’ ಎಂದು ವರ್ಗೀಕರಿಸುತ್ತದೆ. ರಜೆ ಕೊಡುವುದು ಜಿಲ್ಲಾಡಳಿತ. ಅದು ಕೆಲವೊಮ್ಮೆ ಒಂದೆರಡು ತಾಲ್ಲೂಕಿಗೆ ಮಾತ್ರ ಇರುತ್ತದೆ. ಬೆಳ್ತಂಗಡಿಯ ರಜೆ ಮೂಡುಬಿದಿರೆಗೆ ಅನ್ವಯಿಸಲೇಬೇಕೆಂದಿಲ್ಲ.

*‘ಹತ್ತು ಗ್ರೂಪಿನಲ್ಲಿ ಬಂದಿದೆ, ಸುಳ್ಳಾಗಲು ಸಾಧ್ಯವೇ?’* ಸಾಧ್ಯ. ಹತ್ತೂ ಒಂದೇ ಮೂಲದ ಪ್ರತಿಗಳಾಗಿರಬಹುದು. ಹತ್ತು ಜನ ಪ್ರತ್ಯೇಕವಾಗಿ ಕಣ್ಣಾರೆ ಕಂಡು ಬರೆದರೆ ಅದು ಹತ್ತು ಸಾಕ್ಷಿ. ಒಬ್ಬರು ಬರೆದದ್ದು ಹತ್ತು ಕಡೆ ತಿರುಗಿದರೆ ಅದು ಒಂದೇ ಸಾಕ್ಷಿ.

ಹಾಗಾದರೆ ಎಲ್ಲ ಸಂದೇಶಕ್ಕೂ ಮೂಲದ ಹೆಸರು ಅಂಟಿಸಬಾರದೇ?

ಒಳ್ಳೆಯ ಪ್ರಶ್ನೆ. 2021ರ ಫೆಬ್ರವರಿಯ ಮಾಹಿತಿ ತಂತ್ರಜ್ಞಾನ ನಿಯಮಗಳು, ದೊಡ್ಡ ಸಂದೇಶ ಸೇವೆಗಳು ಅಗತ್ಯ ಬಿದ್ದಾಗ ಮೊದಲು ಕಳಿಸಿದವರನ್ನು ಗುರುತಿಸಲು ಶಕ್ತವಾಗಿರಬೇಕು ಎಂದವು. ಇದು ಗೂಢಲಿಪಿಯ ಭದ್ರತೆಯನ್ನು, ಜನರ ಖಾಸಗಿತನವನ್ನು ಮುರಿಯುತ್ತದೆ ಎಂದು ವಾಟ್ಸ್‌ಆ್ಯಪ್ ಅದೇ ವರ್ಷದ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಎರಡೂ ಕಡೆ ತೂಕವಿದೆ. ರೌಟರಿಗೆ ಖಾಸಗಿತನ ಬೇಕಿಲ್ಲ, ಮನುಷ್ಯರಿಗೆ ಬೇಕು. ತನ್ನ ಕಚೇರಿಯ ಅಕ್ರಮವನ್ನು ಹೊರಗೆ ತಿಳಿಸುವವರ ಹೆಸರು ಪ್ರತಿ ಫಾರ್ವರ್ಡ್ ಜೊತೆ ಹೋದರೆ ಅವರ ಗತಿ ಏನು? ಹಾಗಾಗಿ ಯಂತ್ರದ ಪರಿಹಾರವನ್ನು ಇದ್ದಂತೆ ಮನುಷ್ಯರ ಮಾತಿಗೆ ಹೊಲಿಯಲಾಗುವುದಿಲ್ಲ. ಎಚ್ಚರಿಕೆಯ ಸಂದೇಶಗಳ ಮಟ್ಟಿಗಾದರೂ ಮೂಲವನ್ನು ಬರೆಯುವ ಕೆಲಸ ಕಳಿಸುವವರದ್ದೇ.

ನಾವು ಮಾಡಬಹುದಾದದ್ದು

- ಮೂಲವನ್ನು ಮೊದಲೇ ಆರಿಸಿಕೊಳ್ಳಿ. ಮಳೆಗಾಲ ಜೋರಾಗುವ ಮೊದಲು ಸಚೇತ್ ಆ್ಯಪ್ ಹಾಕಿಕೊಂಡು ನಿಮ್ಮ ಜಿಲ್ಲೆ ಆರಿಸಿ. ಹವಾಮಾನ ಇಲಾಖೆ ಮತ್ತು ಜಿಲ್ಲಾಡಳಿತದ ಅಧಿಕೃತ ಪುಟಗಳನ್ನು ಗುರುತಿಟ್ಟುಕೊಳ್ಳಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077, ತುರ್ತು ಸಹಾಯಕ್ಕೆ 112.
- ನಾಲ್ಕು ಪ್ರಶ್ನೆ ಕೇಳಿ. ಯಾರು ಹೇಳಿದ್ದು? ಯಾವಾಗ? ಯಾವ ಊರಿಗೆ? ಎಲ್ಲಿಯವರೆಗೆ? ನಾಲ್ಕರಲ್ಲಿ ಎರಡಕ್ಕೆ ಉತ್ತರವಿಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.
- ಫೋಟೊ ಬೇಡ, ಕೊಂಡಿ ಕಳಿಸಿ. ಆದೇಶದ ಸ್ಕ್ರೀನ್‌ಶಾಟ್ ತಿದ್ದುವುದು ಸುಲಭ. ಅಧಿಕೃತ ಪುಟದ ಕೊಂಡಿ ಕಳಿಸಿದರೆ ಓದುವವರು ಮೂಲಕ್ಕೇ ಹೋಗುತ್ತಾರೆ. ಆದೇಶ ರದ್ದಾಗಿದ್ದರೂ ಅಲ್ಲಿ ತಿಳಿಯುತ್ತದೆ.
- ನೀವೇ ಕಂಡದ್ದಾದರೆ ಹಾಗೆಂದು ಬರೆಯಿರಿ. ಅಧಿಕೃತ ಎಚ್ಚರಿಕೆ ತಡವಾಗಬಹುದು. ಮೇಲಿನ ಊರಿನವರು ಕಂಡು ತಿಳಿಸಿದ ಸುದ್ದಿ ಅದಕ್ಕಿಂತ ಬೇಗ ಕೆಳಗಿನವರನ್ನು ಎಚ್ಚರಿಸಬಹುದು. ಆದರೆ ಊರಿನ ಹೆಸರು, ದಿನಾಂಕ, ಗಂಟೆ ಸಂದೇಶದ ಒಳಗೇ ಇರಲಿ. ‘ಇಂದು’, ‘ಇಲ್ಲಿ’, ‘ನಮ್ಮ ಮನೆ’ ಎಂಬ ಪದಗಳು ಗ್ರೂಪು ದಾಟಿದ ಕೂಡಲೇ ಅರ್ಥ ಕಳೆದುಕೊಳ್ಳುತ್ತವೆ.
- ಮುಗಿದರೆ ಮುಗಿದಿದೆ ಎಂದು ತಿಳಿಸಿ. ನೀರು ಇಳಿದ ಮೇಲೆ, ರಸ್ತೆ ತೆರೆದ ಮೇಲೆ ಅದೇ ಗ್ರೂಪಿಗೆ ಒಂದು ಸಾಲು ಹಾಕಿ. ಸಾಧ್ಯವಾದರೆ ಹಳೆಯದನ್ನು ಅಳಿಸಿ.
- ಬೇರೆ ಕಡೆಯಿಂದ ಬಂದದ್ದನ್ನು ಹೇಳಲೇಬೇಕಾದರೆ ‘ಅಂತೆ’ಯನ್ನು ಮರಳಿ ಸೇರಿಸಿ. ‘ಬೆಳ್ತಂಗಡಿಯ ಗ್ರೂಪಿನಲ್ಲಿ ಬಂದದ್ದು, ಯಾರು ಬರೆದದ್ದು ಗೊತ್ತಿಲ್ಲ’ ಎಂಬ ಒಂದು ಸಾಲು ಸಾಕು. ಓದುವವರು ಎಷ್ಟು ನಂಬಬೇಕೆಂದು ಅವರೇ ತೀರ್ಮಾನಿಸುತ್ತಾರೆ.

ಈ ಲೇಖನವನ್ನು ಕಳಿಸುವುದಾದರೂ ಪಠ್ಯವನ್ನು ನಕಲು ಮಾಡದೆ ಕೊಂಡಿಯನ್ನೇ ಕಳಿಸಿ. ನಾವು ಏನಾದರೂ ತಿದ್ದಿದರೆ ಓದುವವರಿಗೆ ತಿದ್ದಿದ್ದೇ ಸಿಗುತ್ತದೆ.